ಮೊದಲ ಪದ ನುಂಗುವ ಪೆಟ್ಟಿಗೆ

ನಮ್ಮ ಚಿಕ್ಕಪ್ಪ ಸುಮ್ಮನಿದ್ದದ್ದನ್ನು ಕಂಡವರು ಹೊಳಲ್ಕೆರೆ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಬೇಕು. ಅವರ ಕಾಲಿಗೆ ಬೀಳುವ ಆಸೆಯಿದೆ! ಹಲ್ಲುಜ್ಜುವಾಗ ಬ್ರಷ್ಷಿನ ಸಂದಿಯಿಂದ ಮಾತಾಡುತ್ತಾರೆ. ಊಟದಲ್ಲಿ ಮುದ್ದೆ ಗಂಟಲಿಳಿಯುವಷ್ಟು ಹೊತ್ತು ಮಾತ್ರ ನಮಗೆ ಬಿಡುವು. ನಿದ್ದೆಯಲ್ಲೂ ಮಾತಾಡುತ್ತಾರೆ ಎಂದು ಬರೆಯಹೊರಟೆ, ಆದರೆ ಅದನ್ನು ನಿಜವಾಗಿ ಕೇಳಿದ್ದೇನೆಯೇ? ಅಥವಾ ಹಗಲೆಲ್ಲ ಹಾಗೆ ಮಾತಾಡುವವರು ನಿದ್ದೆಯಲ್ಲಿ ಸುಮ್ಮನಿರಲಾರರೆಂದು ನಾನೇ ಊಹಿಸಿ, ಊಹೆಯನ್ನು ನೆನಪಿನ ಸಾಲಿನಲ್ಲಿ ಕೂರಿಸಿಬಿಟ್ಟಿದ್ದೇನೆಯೇ? ನನ್ನ ನೆನಪು ಇಂಥ ಕಡೆ ಅಷ್ಟೇನೂ ನಂಬಿಕಸ್ತನಲ್ಲ. ನಿದ್ದೆಯ ವಿಷಯ ಬಿಟ್ಟುಬಿಡಿ.

ಇಂಥವರು ಬೇರೇನು ಕಸುಬು ಮಾಡಿಯಾರು? ಮೈಕ್ ಸೆಟ್ ಇಟ್ಟಿದ್ದರು. ಕಾಲ ತಿರುಗಿತು, ಮೈಕ್ ಸೆಟ್ಟಿನ ಜಾಗಕ್ಕೆ ‘ಲೈವ್’ ಬಂತು. ಮದುವೆಯಾಗಲಿ ಭಜನೆಯಾಗಲಿ, ಬರಲಾಗದ ನೆಂಟರು ಈಗ ಮನೆಯಲ್ಲೇ ಫೋನ್ ಹಿಡಿದು ನೋಡುತ್ತಾರೆ. ಮೈಕಿನ ದನಿಯನ್ನು ನೆಟ್‌ವರ್ಕಿಗೆ ಹತ್ತಿಸಲೆಂದು ಚಿಕ್ಕಪ್ಪ ಒಂದು ಕಪ್ಪು ಪೆಟ್ಟಿಗೆ ತಂದರು. ನಾನು ಎಂ.ಎ. ಓದಿರುವುದು ಇಂಥ ಪೆಟ್ಟಿಗೆಗಳ ಇಂಗ್ಲಿಷನ್ನು ಓದಿ ಹೇಳುವುದಕ್ಕೇ ಎಂಬುದು ಅವರ ದೃಢ ನಂಬಿಕೆ. ಓದುತ್ತಾ ‘ಯಾರೂ ಮಾತಾಡದಿದ್ದಾಗ ಏನನ್ನೂ ಕಳಿಸಬೇಡ, ಡೇಟಾ ಉಳಿಯುತ್ತದೆ’ ಎಂಬ ಸೆಟ್ಟಿಂಗಿಗೆ ಬಂದಾಗ ಅವರ ಕಣ್ಣರಳಿತು.

“ತಡಿ ತಡಿ, ಅದನ್ನ ಒತ್ತಾಣ! ಸುಮ್ನಿರೋದನ್ನ ಯಾಕ್ಲೇ ಕಳಿಸ್ಬೇಕು? ಅದೇನು ಸರಕಾ?”

ಅವರೇ ಒತ್ತಿದರು. ಆಮೇಲೆ ಇಬ್ಬರೂ ಅದನ್ನು ಮರೆತೆವು.

ತೊಂದರೆ ಶುರುವಾದದ್ದು ಹಿರಿಯೂರಿನ ಒಂದು ಮದುವೆಯಲ್ಲಿ. ದನಿ ಇದ್ದಕ್ಕಿದ್ದಂತೆ ಮಾಯವಾಗುವುದು, ಮತ್ತೆ ಬರುವುದು. ವರನ ತಾತ ತುಂಬ ಯೋಚಿಸಿ ಮಾತಾಡುವ ಮನುಷ್ಯ. ಆತ ಕೆಮ್ಮಿ, ಗಂಟಲು ಸರಿಮಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನೂರು ಕಾಲ ಬಾಳ್ರಿ” ಎಂದರೆ ಫೋನ್ ಹಿಡಿದವರಿಗೆ ಕೇಳಿಸಿದ್ದು “ಕಾಲ ಬಾಳ್ರಿ” ಅಷ್ಟೇ. ಆಯುಸ್ಸಿನ ಲೆಕ್ಕವೇ ಮಾಯ! ಅದೇ ವೇದಿಕೆಯಲ್ಲಿ ಒಬ್ಬ ಪುಢಾರಿ ಉಸಿರು ಬಿಡದೆ ಮಾಡಿದ ಭಾಷಣ ಮಾತ್ರ ಒಂದಕ್ಷರವೂ ಮುಕ್ಕಾಗದೆ ಎಲ್ಲರ ಮನೆ ತಲುಪಿತು.

“ನೋಡ್ದೇನ್ಲೇ,” ಎಂದರು ಚಿಕ್ಕಪ್ಪ, “ಪೆಟ್ಟಿಗೇಗೂ ರಾಜಕೀಯದೋರ ಭಯ ಐತೆ!”

ಆಮೇಲೆ ಅಪರಾಧಿಯ ಹುಡುಕಾಟ. ಮೊದಲ ಆರೋಪಿ ಗುಡ್ಡದ ಮೇಲಿನ ಗಾಳಿಯಂತ್ರ. ಅದರ ರೆಕ್ಕೆ ತಿರುಗುವಾಗ ಸಿಗ್ನಲ್ಲನ್ನು ಕತ್ತರಿಸುತ್ತದಂತೆ.

“ಹೊಸದುರ್ಗದ ಮನೆಪ್ರವೇಶದಲ್ಲೂ ಕಟ್ ಆಯ್ತಲ್ಲ ಚಿಕ್ಕಪ್ಪ?”

“ಅಲ್ಲಿ ಇನ್ನೂ ಜಾಸ್ತಿ ಅವೆ!”

“ಆವತ್ತು ಗಾಳಿನೇ ಇರಲಿಲ್ಲ. ರೆಕ್ಕೆ ನಿಂತಿದ್ದವು.”

“ತಿರುಗೋ ರೆಕ್ಕೆಗಿಂತ ನಿಂತ ರೆಕ್ಕೆ ಜಾಸ್ತಿ ಅಡ್ಡ ಕಣ್ಲೇ. ಅಷ್ಟೂ ತಿಳಿಯಲ್ವಾ?”

ಈ ತರ್ಕಕ್ಕೆ ಯಾವ ವಿಶ್ವವಿದ್ಯಾಲಯ ಉತ್ತರ ಕೊಟ್ಟೀತು? ಗಾಳಿಯಂತ್ರದ ನಂತರ ಕೇಬಲ್ ಬದಲಾಯಿತು, ಮೈಕ್ ಬದಲಾಯಿತು, ಪೆಟ್ಟಿಗೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಲಾಯಿತು. ಒಂದೊಂದು ಬದಲಾವಣೆಯ ನಂತರವೂ ಪರೀಕ್ಷೆ. ನಾನು ಫೋನಿನಲ್ಲಿ ಲೈವ್ ಹಚ್ಚಿ, ಹಿತ್ತಲಲ್ಲಿ ಹೆಡ್‌ಫೋನ್ ಹಾಕಿ ನಿಲ್ಲಬೇಕು, ಅವರು ಒಳಗೆ ಮೈಕಿನ ಮುಂದೆ. ‘ಹಲೋ ಹಲೋ’ ಎನ್ನುವುದು ಕಲಿಯುವವರ ಕೆಲಸ. ನಮ್ಮ ಚಿಕ್ಕಪ್ಪ ಬಸ್‌ಸ್ಟ್ಯಾಂಡನ್ನೇ ತೆರೆದುಬಿಡುತ್ತಾರೆ. “ಬರ್ರಿ ಬರ್ರಿ, ರಾಮಗಿರಿ ಹೊಸದುರ್ಗ, ಮುಂದಕ್ಕೆ ಹೋಗ್ರಿ, ಏ ಅಜ್ಜಿ ಆ ಕೋಳಿ ಯಾರ್ದು, ಟಿಕೆಟ್ ತಗಂಡೇನು ಅದ್ಕೆ, ಕುಂತ್ಕಳ್ರಿ ಕುಂತ್ಕಳ್ರಿ...” ಬಸ್ಸು ಎಲ್ಲಿಯೂ ನಿಲ್ಲುವುದಿಲ್ಲ. ನನ್ನ ಕಿವಿಯಲ್ಲಿ ಕೋಳಿಯ ಸಮೇತ ಎಲ್ಲವೂ ಸ್ಪಷ್ಟ. “ಸರಿ ಐತೆ!” ಎಂದು ಕೂಗುತ್ತಿದ್ದೆ. ಮುಂದಿನ ಕಾರ್ಯಕ್ರಮದಲ್ಲಿ ಮತ್ತೆ ಕಟ್.

ಇಷ್ಟಾಗಿದ್ದರೆ ಇದನ್ನು ನಗುತ್ತಲೇ ಬರೆದು ಮುಗಿಸಬಹುದಿತ್ತು.

ಅವರ ಹೆಂಡತಿ, ನಮ್ಮ ಚಿಕ್ಕಮ್ಮನಿಗೆ, ಹಿಂದಿನ ವರ್ಷ ಲಕ್ವ ಹೊಡೆದು ಮಾತು ನಿಂತಿತ್ತು. ನಿಧಾನಕ್ಕೆ ಮರಳಿತು, ಆದರೆ ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ದೊಡ್ಡ ಬಯಲು. ಈಗ ಮಗಳು ಬಾಣಂತನಕ್ಕೆ ಬಂದಿದ್ದಳು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರವಾಗಿತ್ತು. ಚಿಕ್ಕಮ್ಮನ ತವರಿನ ಪದ್ಧತಿಯೆಂದರೆ, ಅಕ್ಕತಂಗಿಯರು ಹಾಡದೆ ಮಗು ತೊಟ್ಟಿಲಿಗಿಳಿಯುವಂತಿಲ್ಲ. ತಂಗಿ ಒಂದು ಸಾಲು ಎತ್ತಿಕೊಡಬೇಕು, ಅಕ್ಕ ಅದನ್ನೇ ತಿರುಗಿ ಹೇಳಬೇಕು. ಚಿಕ್ಕಮ್ಮನ ಅಕ್ಕನೋ ತಮ್ಮೂರು ಹರಿಯಬ್ಬೆಯಲ್ಲಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. “ಅದಕ್ಯಾಕೆ ಚಿಂತೆ? ಲೈವ್ ಐತೆ!” ಎಂದರು ಚಿಕ್ಕಪ್ಪ. ಇಲ್ಲಿಂದ ಹೋಗುವ ಹಾಡು ಲೈವಿನಲ್ಲಿ, ಅಲ್ಲಿಂದ ಬರುವ ದನಿ ನನ್ನ ಫೋನಿನಲ್ಲಿ. ಒಂದು ಮಧ್ಯಾಹ್ನ ಅಭ್ಯಾಸಕ್ಕೆ ಕೂತೆವು.

“ಕಣಗಿಲ ನೆರಳಾಗ ಕಟ್ಟೀವಿ ತೊಟ್ಟಿಲ,” ಎಂದು ಚಿಕ್ಕಮ್ಮ ಎತ್ತಿದಳು. ದಣಿವಾರಿಸಿಕೊಂಡು ಎರಡನೆಯ ಸಾಲು, ಮತ್ತೆ ದಣಿವು, ಮೂರನೆಯದು. ಫೋನಿನಲ್ಲಿ ಅಕ್ಕನ ದನಿ ಹಿಂದೆ ಬರಲಿಲ್ಲ. ಬದಲಿಗೆ ಬಂದದ್ದು ಇದು:

“ಏನಪ್ಪ, ಪದದ ತಲೇನೇ ನುಂಗ್ತಾಳಲ್ಲ ಇವ್ಳು! ನಾನೇನು ಹಿಡ್ಕಂಡು ಹೇಳ್ಲಿ? ಪಾಪ, ಇನ್ನೂ ಬಾಯಿ ತಿರುಗಲ್ಲ ಅಂತ ಕಾಣುತ್ತೆ. ಬಿಡ್ರಿ, ಕಷ್ಟ ಕೊಡಬ್ಯಾಡ್ರಿ.”

ಚಿಕ್ಕಪ್ಪ ಮೈಕನ್ನು ಕಿತ್ತುಕೊಂಡು ಬಸ್ ಹೊರಡಿಸಿದರು. ರಾಮಗಿರಿ, ಹೊಸದುರ್ಗ, ಅಜ್ಜಿ, ಕೋಳಿ. ಹರಿಯಬ್ಬೆಯಿಂದ ಉತ್ತರ ಬಂತು: “ನಿಂದು ಚೆನ್ನಾಗೇ ಕೇಳ್ತೈತಪ್ಪ.”

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡಳು. “ಪೆಟ್ಟಿಗೆ ಸರಿ ಐತೆ. ಕೆಟ್ಟಿರೋದು... ನನ್ನ ಬಾಯಿ. ನಾನು ಹಾಡಲ್ಲ.”

ಆ ಕ್ಷಣದಲ್ಲಿ ನಾನು ಏನಾದರೂ ಹೇಳಿದೆನೇ? ನೆನಪಿಲ್ಲ. ಚಿಕ್ಕಪ್ಪನ ಮುಖ ನೆನಪಿದೆ. ಅವರ ಪ್ರತಿ ಪರೀಕ್ಷೆಯೂ ಪೆಟ್ಟಿಗೆಯನ್ನು ನಿರಪರಾಧಿಯೆಂದು ಬಿಟ್ಟು, ಹೆಂಡತಿಯ ನಾಲಿಗೆಯ ಮೇಲೆ ತೀರ್ಪು ಬರೆಯುತ್ತಿತ್ತು. ಎರಡು ದಿನ ಅವರು ಪೆಟ್ಟಿಗೆಯನ್ನು ಬಿಟ್ಟು ಏಳಲಿಲ್ಲ. ವೈರು ಬದಲಿಸುವುದು, ಮಾತಾಡುವುದು. ಸಿಮ್ ಬದಲಿಸುವುದು, ಮಾತಾಡುವುದು. ನಾನು ಹಿತ್ತಲಲ್ಲಿ. ಎಲ್ಲವೂ ಸರಿಯಿತ್ತು, ಹಾಳಾದ್ದು ಎಲ್ಲವೂ ಸರಿಯಿತ್ತು!

ಕೊನೆಗೆ ಚಿಕ್ಕಮ್ಮನಿಗೇ ಸಿಟ್ಟು ಬಂತು. ಕಾಯಿಲೆಯ ನಂತರ ಅವಳು ಒಂದೇ ಉಸಿರಿನಲ್ಲಿ ಹೇಳಿದ ಅತಿ ಉದ್ದದ ವಾಕ್ಯ ಇದೇ ಇರಬೇಕು: “ಒಂದು ಗಳಿಗೆ ಬಾಯಿ ಮುಚ್ಚಂಡಿರ್ರಿ, ಮಗೀಗೆ ನಿದ್ದಿಲ್ಲ ನಿಮ್ಮ ಬಸ್ಸಿಗೆ!”

ಚಿಕ್ಕಪ್ಪನಿಗೆ ಅವಮಾನವಾಯಿತು. ಮುನಿಸಿಕೊಂಡರು. ಮೈಕಿನ ಮುಂದೆಯೇ ತುಟಿ ಬಿಗಿದು ಕೂತರು. (ಹೌದು, ಈ ಪ್ರಬಂಧದ ಮೊದಲ ವಾಕ್ಯ ಇಲ್ಲಿ ಸುಳ್ಳಾಯಿತು, ನನ್ನ ಕಾಲಿಗೆ ನಾನೇ ಬೀಳಬೇಕು.) ಹಿತ್ತಲಲ್ಲಿ ನನಗೆ ಏನೂ ಕೇಳಿಸುತ್ತಿರಲಿಲ್ಲ. ಹೆಡ್‌ಫೋನಿನಲ್ಲಿ ಬಾವಿಯಂಥ ಮೌನ. ಆಮೇಲೆ ಆ ಮೌನದೊಳಗಿಂದ, ಚಿಕ್ಕಪ್ಪನದೇ ದನಿಯಲ್ಲಿ:

“...ಕೊಡ್ತೀಯೇನೇ?”

ನಾನು ಒಳಗೆ ಓಡಿದೆ. “ಚಿಕ್ಕಪ್ಪ, ಈಗ ಏನಂದ್ರಿ?”

“ಕಾಫಿ ಕೊಡ್ತೀಯೇನೇ ಅಂದೆ. ಯಾಕೆ, ಕಾಫಿ ಕುಡಿಯೋದೂ ತಪ್ಪಾ?”

“ಕಾಫಿ ಬರಲಿಲ್ಲ!”

“ಇನ್ನೂ ಅವ್ಳು ಇಟ್ಟೇ ಇಲ್ಲ, ಹೆಂಗ್ ಬರ್ತೈತೆ?”

“ಪದ ಬರಲಿಲ್ಲ ಚಿಕ್ಕಪ್ಪ. ನಿಮ್ಮದೂ ಬರಲಿಲ್ಲ!”

ಅವರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಯಾರೂ ಮಾತಾಡದಿದ್ದಾಗ ಏನನ್ನೂ ಕಳಿಸಬೇಡ ಎಂದು ತಾವೇ ಹೇಳಿಕೊಟ್ಟ ಪೆಟ್ಟಿಗೆ. ಮೌನ ಬಂದೊಡನೆ ಅದು ಬಾಗಿಲು ಹಾಕಿಕೊಳ್ಳುತ್ತಿತ್ತು. ಮತ್ತೆ ಯಾರೋ ಮಾತಾಡಿದರೆಂದು ತಿಳಿದು ಬಾಗಿಲು ತೆಗೆಯುವಷ್ಟರಲ್ಲಿ ಮೊದಲ ಪದ ಹೊರಗೇ ಉಳಿದುಬಿಡುತ್ತಿತ್ತು. ನಿಲ್ಲಿಸದೆ ಮಾತಾಡುವವರಿಗೆ ಆ ಬಾಗಿಲು ಇದೆಯೆಂದೇ ಗೊತ್ತಾಗದು. ಚಿಕ್ಕಪ್ಪ ಆ ಸೆಟ್ಟಿಂಗನ್ನು ತೆಗೆದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, “ನಿನ್ನ ಬಾಯಲ್ಲ ಕಣೇ, ನನ್ನ ಪೆಟ್ಟಿಗೆ,” ಎಂದರು. ಅಷ್ಟೇ. ವಿವರಣೆಯಿಲ್ಲದ ಅವರ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ತೊಟ್ಟಿಲ ದಿನ ಚಿಕ್ಕಮ್ಮ ಹಾಡಿದಳು. ಸಾಲು, ಬಯಲು, ಸಾಲು. ಪ್ರತಿ ಸಾಲಿನ ಹಿಂದೆಯೂ ಹರಿಯಬ್ಬೆಯಿಂದ ಅಕ್ಕನ ದನಿ ಬಂತು, ತಲೆಯೂ ಬಾಲವೂ ಮುಕ್ಕಾಗದೆ. ಮಗು ತೊಟ್ಟಿಲಿಗಿಳಿಯಿತು. ಕೊನೆಗೆ ಅಕ್ಕ ಹೇಳಿದರು: “ಈಗ ನಡುನಡುವೆ ನೀನು ಉಸಿರು ತಗಳಾದೂ ಕೇಳಿಸ್ತು ಕಣೇ. ಪಕ್ಕದಲ್ಲೇ ಕುಂತಂಗಾತು.”

ಚಿಕ್ಕಪ್ಪನ ಮಗಳು ನನ್ನ ಪಕ್ಕದಲ್ಲಿದ್ದಳು. “ಅಪ್ಪ ಮುಂಚೆ ಇಷ್ಟು ಮಾತಾಡ್ತಿರ್ಲಿಲ್ಲ ಅಲ್ವಾ?” ಎಂದಳು ಮೆಲ್ಲಗೆ. “ಅಮ್ಮನ ಮಾತು ನಿಂತ ಮೇಲೇ ಶುರುವಾಗಿದ್ದು. ಮನೇಲಿ ಸದ್ದೇ ಇರ್ಲಿಲ್ಲವಲ್ಲ.”

ಹೌದೇ? ಚಿಕ್ಕಂದಿನಿಂದ ಕೇಳಿದ ಮಾತುಗಳೆಂದು ನಾನು ಆಣೆ ಮಾಡುತ್ತಿದ್ದೆ. ಈಗ ಹುಡುಕಿದರೆ, ಮೈಕ್ ಸೆಟ್ಟಿನ ಹಿಂದೆ ಗುಂಡಿ ತಿರುಗಿಸುತ್ತಾ ಸುಮ್ಮನೆ ಕೂತಿರುವ ಒಬ್ಬ ಮನುಷ್ಯನೂ ಸಿಗುತ್ತಾನೆ. ಯಾವುದು ನಿಜವೋ ನಾನು ಹೇಳಲಾರೆ.

ಚಿಕ್ಕಪ್ಪ ಹೆಡ್‌ಫೋನ್ ತೆಗೆಯದೆ ಇನ್ನೂ ಕೂತೇ ಇದ್ದರು. ಅವರ ಮೌನ ನೋಡಿ ಚಿಕ್ಕಮ್ಮನಿಗೆ ಗಾಬರಿಯಾಯಿತು. “ಏನ್ರೀ... ಏನಾರ ಮಾತಾಡ್ರಿ,” ಎಂದಳು.

ಚಿಕ್ಕಪ್ಪ ಬಾಯಿ ತೆರೆದರು. ನಡುವೆ ಯಾವ ಪೆಟ್ಟಿಗೆಯೂ ಇರಲಿಲ್ಲ. ಆದರೂ ಮೊದಲ ಪದ ಬರಲಿಲ್ಲ. ಚಿಕ್ಕಮ್ಮ ತೊಟ್ಟಿಲು ತೂಗುತ್ತಾ ಕಾದಳು.