ವೇದಿಯ ಹಿಂದಿನ ಗಾಜಿನಲ್ಲಿ ಸಮುದ್ರ ನೋಡುವ ಕುರಿತು

ಲೂಥರನ್ ಸಭಾ ಮಂಡಳಿ, ಸ್ಕಾರ್ವೊಯ್ ದ್ವೀಪ
ಸಂಖ್ಯೆ: ಲೂ.ಸ.ಮಂ/ಗಾಜು/ಪರದೆ/7
ದಿನಾಂಕ: ಶನಿವಾರ, ಗಾಳಿ ಇಳಿದ ನಂತರ

ವಿಷಯ: ಆರಾಧನೆಯ ವೇಳೆ ಸಮುದ್ರ ವೀಕ್ಷಣೆಯ ನಿಯಂತ್ರಣ
ಉಲ್ಲೇಖ: ಕಳೆದ ಭಾನುವಾರದ ಅವಾಂತರ

ಹೊಸ ಚರ್ಚಿನ ವೇದಿಯ ಹಿಂದೆ ಗೋಡೆಯ ಬದಲು ಗಾಜು ಹಾಕಿದರೆ ಸಭೆಯವರ ಮನಸ್ಸು ಸೃಷ್ಟಿಕರ್ತನ ಕಡೆ ಹೊರಳುವುದೆಂದು ವಾಸ್ತುಶಿಲ್ಪಿಯವರು ಭರವಸೆ ನೀಡಿದ್ದರು. ಮನಸ್ಸು ದೋಣಿಕಟ್ಟೆಯ ಕಡೆ ಹೊರಳಿರುವುದು ಮಂಡಳಿಯ ಗಮನಕ್ಕೆ ಬಂದಿರುತ್ತದೆ. ಕಳೆದ ಭಾನುವಾರ ಪ್ರಾರ್ಥನೆಗೆಂದು ವೇದಿಯ ಕಡೆ ತಿರುಗಿದ ಸಭಾಪಾಲಕ ಹಾನುಸ್ ಅವರೇ, "ಪರಲೋಕದಲ್ಲಿರುವ ನಮ್ಮ ತಂದೆಯೇ... ಏ ತ್ರೋಂದುರ್, ನಿನ್ನ ದೋಣಿ ಹಗ್ಗ ಬಿಚ್ಕೊಂಡು ಹೋಗ್ತಿದೆ ಕಣೋ!" ಎಂದಿದ್ದು, ಸಭೆಯು ಒಕ್ಕೊರಲಿನಿಂದ ಆಮೆನ್ ಎಂದು ಹೊರಗೆ ಓಡಿರುತ್ತದೆ. ಆದಕಾರಣ ಸಮಸ್ತರಿಗೂ ಈ ಮೂಲಕ ಸೂಚಿಸಲಾಗಿದೆ:

1. ಸಭಾಪಾಲಕರು ಪ್ರಸಂಗ ಬೋಧಿಸಲು ಆರಂಭಿಸಿದ ಕೂಡಲೇ ಗಾಜಿಗೆ ಪರದೆ ಎಳೆಯಲಾಗುವುದು. ಗೀತೆ ಹಾಡುವಾಗ ತೆರೆದಿರಬಹುದು. ಆದರೆ ಹವಾಮಾನದ ಬಗೆಗಿನ ಅಭಿಪ್ರಾಯವನ್ನು ರಾಗಕ್ಕೆ ಸೇರಿಸಿ ಹಾಡತಕ್ಕದ್ದಲ್ಲ.

2. ದುರ್ಬೀನು ನಿಷಿದ್ಧ. ಗೀತೆಪುಸ್ತಕದ ಹಾಳೆ ಕತ್ತರಿಸಿ ಅದರೊಳಗೆ ದುರ್ಬೀನು ತರುವವರು ಕನಿಷ್ಠ ಕತ್ತರಿಸಿದ ಗೀತೆಗಳನ್ನಾದರೂ ಬಾಯಿಪಾಠ ಮಾಡಿರತಕ್ಕದ್ದು.

3. ಹುಲ್ಲು ಬೆಳೆಸಿದ ಚರ್ಚಿನ ಮಾಡಿನ ಮೇಲೆ ಮೇಯುವ ಟಗರು ಗಾಜಿನೊಳಗೆ ಇಣುಕಿದಾಗ ನಗುವಂತಿಲ್ಲ. ಸದರಿ ಟಗರು ಎಲ್ಲರಿಗಿಂತ ತಪ್ಪದೆ ಬರುತ್ತಿದ್ದರೂ ಅದರ ಹಾಜರಾತಿಯನ್ನು ಪರಿಗಣಿಸಲಾಗುವುದಿಲ್ಲ.

4. ವೇದಿಯ ಕಡೆ ತಿರುಗಿದಾಗ ಸಭಾಪಾಲಕರು ಕಣ್ಣು ಮುಚ್ಚತಕ್ಕದ್ದು. ಒಂದು ಕಣ್ಣು ಮುಚ್ಚಿದರೆ ಸಾಕೆಂಬ ಅವರ ವ್ಯಾಖ್ಯಾನವನ್ನು ತಿರಸ್ಕರಿಸಲಾಗಿದೆ.

5. ವಿನಾಯಿತಿ: ಗುರುವಾರ ಬಿರುಗಾಳಿಗೆ ಮುನ್ನ ಮೀನಿಗೆ ಹೋದ ಹೈನಿಯವರು ಇನ್ನೂ ಮರಳಿರುವುದಿಲ್ಲ. ಅವರ ದೋಣಿಯ ರೇಡಿಯೊ ಎಂದಿನಂತೆ ಕೆಟ್ಟಿದೆ. ಅವರ ಪತ್ನಿ ರನ್ವಾ ಅವರು ಮಂಡಳಿಯ ಮುಂದೆ ಹಾಜರಾಗಿ, "ಪರದೆ ಎಳೀರಿ ನೋಡೋಣ. ನಾನು ಹೊರಗೆ ಚಳೀಲಿ ನಿಂತ್ಕೋತೀನಿ, ನಿಮ್ಮ ಪ್ರಸಂಗ ನೀವೇ ಕೇಳ್ಕೊಳ್ಳಿ" ಎಂದು ತಿಳಿಸಿರುತ್ತಾರೆ. ಆದ್ದರಿಂದ ಅವರ ಆಸನದ ಎದುರು ಪರದೆಯನ್ನು ತೆರೆದಿಡಲು ಮಂಡಳಿಯು ಆದೇಶಿಸಿದೆ. ಉಳಿದವರು ಸಮುದ್ರವನ್ನು ನೋಡದೆ ಆರಾಧನೆಯುದ್ದಕ್ಕೂ ಉಣ್ಣೆ ಹೆಣೆಯುವ ರನ್ವಾ ಅವರ ಹೆಣಿಗೆ ಕಡ್ಡಿಗಳನ್ನು ನೋಡಬಹುದು. ಕಡ್ಡಿಗಳು ನಿಂತ ಕ್ಷಣ, ದೋಣಿ ಕಂಡಿತೆಂದು ತಿಳಿದು, ಪ್ರಸಂಗ ಎಷ್ಟೇ ಬಾಕಿಯಿದ್ದರೂ, ಸಭಾಪಾಲಕರು ಆಮೆನ್ ಹೇಳಿ ಎಲ್ಲರಿಗಿಂತ ಮೊದಲು ಓಡತಕ್ಕದ್ದು.

ಸಹಿ/-
ಅಧ್ಯಕ್ಷರು, ಸಭಾ ಮಂಡಳಿ
(ದೋಣಿಕಟ್ಟೆಯ ಹಗ್ಗದ ಹೆಚ್ಚುವರಿ ಪ್ರಭಾರ)

ಪ್ರತಿಗಳು:
1. ಸಭಾಪಾಲಕರಿಗೆ, ಎರಡೂ ಕಣ್ಣು ತೆರೆದು ಓದಲು.
2. ವಾಸ್ತುಶಿಲ್ಪಿಯವರಿಗೆ, ಕೋಪನ್‌ಹೇಗನ್, ಸಂತೋಷಪಡಲು.
3. ಟಗರಿನ ಮಾಲೀಕರಿಗೆ, ಟಗರಿಗೆ ಓದಿ ಹೇಳಲು.
4. ಹೈನಿಯವರಿಗೆ. ಈ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಲಾಗುವುದಿಲ್ಲ. ಖುದ್ದಾಗಿ ಬಂದು ಪಡೆಯತಕ್ಕದ್ದು.