ಮಾವನವರ ಆಸ್ಪತ್ರೆಯಲ್ಲಿ ನನ್ನ ಲ್ಯಾಪ್‌ಟಾಪು

ನಮ್ಮ ಮಾವನವರ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಅವರು ಮುಟ್ಟಿದ ಕುರಿ ಸತ್ತದ್ದಿಲ್ಲ, ಅವರು ಮುಟ್ಟಿದ ಯಂತ್ರ ಬದುಕಿದ್ದಿಲ್ಲ! ಮಿಕ್ಸಿ, ಗೋಡೆ ಗಡಿಯಾರ, ಪಕ್ಕದ ಮನೆಯವರ ಇಸ್ತ್ರಿಪೆಟ್ಟಿಗೆ, ಎಲ್ಲವೂ ಅವರ ಆರೈಕೆಯಲ್ಲೇ ಕಣ್ಣು ಮುಚ್ಚಿದವು. ಯಗಟಿ ಕಡೆಯ ದನದ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದವರು, ಈಗ ನಿವೃತ್ತರಾಗಿ ಕಡೂರಿನಲ್ಲಿ ನಮ್ಮ ಜೊತೆಗಿದ್ದಾರೆ. ನಿವೃತ್ತಿಯ ಸುದ್ದಿ ಅವರ ಕೈಗಳಿಗಿನ್ನೂ ಮುಟ್ಟಿಲ್ಲ.

ಮೊನ್ನೆ ಗುರುವಾರ ನನ್ನ ಪುಟ್ಟ ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ. ಕಂಪನಿಯ ಗುರುತು ಬಂತು. ಅದರ ಕೆಳಗೆ ಚುಕ್ಕಿಗಳು ಸುತ್ತಿದವು, ಸುತ್ತಿದವು, ನಿಂತೇಬಿಟ್ಟವು. ಆರಿಸಿ ಮತ್ತೆ ಹಾಕಿದೆ, ಅಲ್ಲೇ ನಿಂತಿತು. ಚಾರ್ಜರ್ ಕಿತ್ತು ನೋಡಿದೆ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ನೋಡಿದೆ, ಕೈಮುಗಿದೂ ನೋಡಿದೆ. ಅದಕ್ಕೆ ಕರುಣೆ ಬರಲಿಲ್ಲ.

ಅಜ್ಜಂಪುರದ ಆಚೆಯ ಕಾವಲಿನಲ್ಲಿ, ಅಂದರೆ ಆ ದೊಡ್ಡ ಹುಲ್ಲುಗಾವಲಿನಲ್ಲಿ, ನಾನು ನಾಲ್ಕು ವರ್ಷ ಹುಲ್ಲು ಕಿತ್ತಿದ್ದೇನೆ. ನಗಬೇಡಿ, ಡಾಕ್ಟರೇಟಿಗಾಗಿ! ಒಣಗಿಸಿದ ಹುಲ್ಲೆಲ್ಲ ಕಾಲೇಜಿನ ಬೀರುವಿನಲ್ಲಿದೆ. ಒಂದೊಂದರ ಮೇಲೂ ಬರೀ ಒಂದೊಂದು ಅಂಕಿ, ಕಿತ್ತ ಸಾಲಿನಲ್ಲೇ. ಯಾವ ಅಂಕಿಯ ಹುಲ್ಲು ಯಾವ ಜಾಗದ್ದು ಎಂಬ ಪಟ್ಟಿ ಇದ್ದದ್ದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ. ಸೋಮವಾರ ಅದನ್ನು ಒಪ್ಪಿಸಬೇಕು. ಪಟ್ಟಿಯಿಲ್ಲದಿದ್ದರೆ ನನ್ನ ಸಂಶೋಧನೆ ಒಂದು ಹೊರೆ ಒಣಹುಲ್ಲು. ಇನ್ನೊಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಎಂದು ಕೇಳಬೇಡಿ. ಹಾಗೆ ಕೇಳಿದ ನನ್ನ ಗಂಡನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ಕಾವಲಿನಲ್ಲಿ ಗೀಚಿಕೊಂಡ ಪುಸ್ತಕವನ್ನು ಗೆದ್ದಲು ತಿಂದಾಗಿತ್ತು.

ನಾನು ತಲೆ ಮೇಲೆ ಕೈಹೊತ್ತು ಕೂತಿದ್ದೇ ತಡ, ಮಾವನವರು ಹಾಜರ್!

"ಯಾವತ್ತಿಂದ ಮೇವು ಬಿಟ್ಟೈತೆ?"

"ಮಾವಾ, ಅದು ಲ್ಯಾಪ್‌ಟಾಪು."

"ಗೊತ್ತು ಕಣವ್ವ. ಕೊನೇಗೆ ಏನು ತಿನ್ಸಿದ್ದೆ ಅದ್ಕೆ?"

ಹಿಂದಿನ ದಿನ ಅದು ತಾನಾಗಿಯೇ ಏನೋ ಅಪ್‌ಡೇಟ್ ಹಾಕಿಕೊಂಡಿತ್ತು ಎಂದೆ. "ನೋಡ್ದಾ! ಕಟ್ಟಿ ಹಾಕ್ದೆ ಬಿಟ್ರೆ ಸಿಕ್ಕಿದ್ದೆಲ್ಲ ತಿಂತಾವೆ" ಎಂದು ನನಗೇ ಬೈದರು. ಆಮೇಲೆ ಅದನ್ನು ಬೋರಲು ಹಾಕಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಜ್ವರ ಇದೆ ಎಂದು ತೀರ್ಪು ಕೊಟ್ಟರು. ನಾನು ನೀರು ಕುಡಿದು ಬರುವಷ್ಟರಲ್ಲಿ ಒದ್ದೆ ಗೋಣಿಚೀಲ ಹಿಡಿದು ನಿಂತಿದ್ದಾರೆ, ಹೊದಿಸುವುದಕ್ಕೆ! ನನ್ನ ಕಿರುಚಾಟಕ್ಕೆ ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಅಷ್ಟಕ್ಕೇ ಬಿಟ್ಟರೇ? ರೋಗ ಹರಡಬಾರದೆಂದು ನನ್ನ ಮೊಬೈಲನ್ನೂ ಎತ್ತಿ ಅವರ ಕೋಣೆಯ ಅಟ್ಟದ ಮೇಲಿಟ್ಟರು. ಇತ್ತ ನನ್ನ ಮಾರ್ಗದರ್ಶಕರು ಐದು ಸಲ ಕರೆ ಮಾಡಿದ್ದರಂತೆ. ಮಾವನವರ ಎದುರು ದನಿ ಎತ್ತಬಾರದೆಂಬ ನಿಯಮ ಮಾಡಿದವರು ಯಾರು? ಅವರಿಗೆ ಇಂಥ ಮಾವ ಇರಲಿಲ್ಲ, ಅಷ್ಟು ಖಂಡಿತ.

ಶುಕ್ರವಾರ ತರೀಕೆರೆಯ ರಿಪೇರಿ ಅಂಗಡಿಗೆ ಹೊರಟೆ. ಬೇಡವೆಂದರೂ ಬಂದರು. ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ಟವಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು. ಕಂಡಕ್ಟರು, "ಏನಜ್ಜ ಅದು, ಲಗೇಜಾ?" ಎಂದ. "ಅಲ್ಲ ಕಣಪ್ಪ, ಪೇಷಂಟು" ಎಂದರು. ಮುಂದಿನ ಸೀಟಿನ ಹೆಂಗಸು ಪಾಪ ಮಗುವೆಂದುಕೊಂಡು ಕಿಟಕಿ ಮುಚ್ಚಿದಳು! ನನಗೆ ಬಸ್ಸಿನಿಂದ ಹಾರಿಬಿಡೋಣ ಅನ್ನಿಸಿತು.

ಅಂಗಡಿಯವನು ನೋಡಿ, "ಫಾರ್ಮ್ಯಾಟ್ ಮಾಡಿದ್ರೆ ಹೊಸದರ ತರ ಓಡ್ತದೆ ಮೇಡಂ. ಒಳಗಿರೋದೆಲ್ಲ ಹೋಗ್ತದೆ ಅಷ್ಟೆ" ಎಂದ. ಅಷ್ಟೆ ಅಂತೆ! ಒಳಗಿನದು ಉಳಿಯಬೇಕಾದರೆ ಬೆಂಗಳೂರಿಗೆ ಕಳಿಸಬೇಕು, ಹದಿನೈದು ದಿನ ಬೇಕು ಎಂದೂ ಸೇರಿಸಿದ. ಮಾವನವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ಲಪ್ಪಾ, ಇದುವರ್ಗೂ ನಿನ್ನ ಕೈಲಿ ಎಷ್ಟು ಸತ್ತಾವೆ?"

ಅವನು ಬಾಯಿ ತೆರೆಯುವ ಮೊದಲೇ ಲ್ಯಾಪ್‌ಟಾಪನ್ನು ಕಸಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ಮನೆಗೆ ಬಂದ ಮೇಲೆ ನನ್ನ ತಾಳ್ಮೆ ಕಿತ್ತುಹೋಯಿತು. "ಇದು ಕುರಿಯಲ್ಲ ಮಾವಾ! ನನ್ನ ನಾಲ್ಕು ವರ್ಷ! ನಿಮಗೆ ಆಟ, ನನಗೆ ಬದುಕು. ಇನ್ಮೇಲೆ ನನ್ನ ವಸ್ತು ಒಂದನ್ನೂ ಮುಟ್ಟಬೇಡಿ!" ಎಂದು ಕೂಗಿದೆ. ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲ ಸಲ. ಅವರು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ನನಗೇನೂ ಪಶ್ಚಾತ್ತಾಪವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ?

ಶನಿವಾರ ಬೆಳಿಗ್ಗೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ಮಾವ ನಿಂತಿದ್ದರು.

"ಪೆನ್ನು ಪುಸ್ತಕ ತಗಂಬಾರವ್ವ."

"ಯಾಕೆ?"

"ಬರ್ಕೋ. ಮೊದಲ್ನೇ ದಿನ. ದೊಡ್ಡ ಬಂಡೆ ಪಕ್ಕ ಗರಿಕೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಮೂಡಲಿಗೆ ಕರಡದ ಹುಲ್ಲು. ಆಮೇಲೆ ನೀನು ಹುತ್ತದ ಎಡಕ್ಕೆ ಹೋದೆ. ಅಲ್ಲಿ ಎರಡು ಕಿತ್ತೆ, ಒಂದು ಬಿಸಾಕ್ದೆ."

ಕಾವಲಿಗೆ ಹೆಂಗಸೊಬ್ಬಳೇ ಹೋಗಬಾರದೆಂದು ಅವರು ಪ್ರತಿ ಸಲವೂ ನನ್ನ ಜೊತೆ ಬರುತ್ತಿದ್ದರು ನಿಜ. ಬಂದವರು ಮರದ ಕೆಳಗೆ ಒರಗಿ, ಮುಖದ ಮೇಲೆ ಟವಲ್ಲು ಹಾಕಿಕೊಂಡರೆ ಮುಗಿಯಿತು. ನಿದ್ದೆ ಮಾಡಲು ಇಷ್ಟು ದೂರ ಬರಬೇಕೇ ಎಂದು ಅದಕ್ಕೂ ಒಳಗೊಳಗೇ ಸಿಡುಕಿದ್ದೆ. ಈಗ ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಒಂದರ ಹಿಂದೆ ಒಂದು, ನಾನು ಕಿತ್ತ ಸಾಲಿನಲ್ಲೇ! ನನಗೆ ಚೆನ್ನಾಗಿ ನೆನಪಿದ್ದವನ್ನು ತಾಳೆ ಹಾಕಿ ನೋಡಿದೆ, ಒಂದೂ ತಪ್ಪಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊದಲ ವರ್ಷ ಮುಗಿಯಿತು.

"ಮಾವಾ, ನೀವು ನಿದ್ದೆ ಮಾಡ್ತಿರ್ಲಿಲ್ವಾ?"

"ಸೊಂಟದ ಮಟ್ಟ ಹುಲ್ಲು. ನೀನು ಬಗ್ಗಿದ್ರೆ ಕಾಣ್ತಾನೇ ಇರ್ಲಿಲ್ಲ. ಹಾವು ಓಡಾಡೋ ಜಾಗ, ನಿದ್ದೆ ಎಲ್ಲಿಂದ ಬತ್ತದೆ? ಬಿಸ್ಲಿಗೆ ಟವಲ್ಲು ಅಡ್ಡ ಇಟ್ಕಂಡು, ಅದ್ರ ಸಂದಿಯಿಂದ ಎಲ್ಲಿ ಬಗ್ಗಿದೆ, ಯಾವಾಗ ಎದ್ದೆ ಅಂತ ನೋಡ್ತಿದ್ದೆ. ನೀನು ಎದ್ದ ಮ್ಯಾಲೆ ಉಸಿರು ಬಿಡ್ತಿದ್ದೆ ಕಣವ್ವ."

ನಾನು ಅಲ್ಲೇ, ಅವರ ಎದುರಿಗೇ ಅತ್ತುಬಿಟ್ಟೆ.

"ಅಳ್ಬೇಡ, ಬರ್ಕೋ" ಎಂದರು. "ಇನ್ನೂ ಮೂರು ವರ್ಷ ಐತೆ."