ಭಾವನ ಹುಳುವೂ ಅಮ್ಮನ ಕುಕ್ಕರೂ

ನಮ್ಮ ಭಾವ ಹೊಸ ಮನೆ ನೋಡಲು ಬಂದರೆ ಅಡುಗೆಮನೆಯನ್ನೂ ನೋಡುವುದಿಲ್ಲ, ಬೆಡ್‌ರೂಮನ್ನೂ ನೋಡುವುದಿಲ್ಲ, ಮರಳು ಮೂಸುತ್ತಾರೆ! ನಾವು ರೆಡೊಂಡೊ ಬೀಚ್‌ನಲ್ಲಿ ಮನೆ ಮಾಡಿದಾಗ ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ಬಂದವರು ನೇರ ಸಮುದ್ರಕ್ಕೆ ಹೋಗಿ, ಬೊಗಸೆ ಮರಳೆತ್ತಿ ತೀರ್ಪು ಕೊಟ್ಟರು. “ಇಲ್ಲಿ ಅಲೆ ಜಾಸ್ತಿ ಕಣೋ. ಇರಕ್ಕಾಗಲ್ಲ.” ನನ್ನ ಹೆಂಡತಿ ಗಾಬರಿಯಾದಳು. “ಹುಳಕ್ಕಮ್ಮಾ, ನಿಮಗಲ್ಲ,” ಎಂದರು.

ಮನುಷ್ಯರು ತಿನ್ನುವ ಸಮುದ್ರದ ಹುಳುಗಳು ಎಲ್ಲಿ ವಾಸಿಸುತ್ತವೆ, ಅಲ್ಲೇ ಯಾಕೆ ಎಂದು ಹುಡುಕುವುದು ಭಾವನ ಸಂಶೋಧನೆ. ಕೊರಿಯಾದವರು ಹಸಿಯಾಗಿಯೇ ತಿನ್ನುವ ಗುಲಾಬಿ ಹುಳುವಿನ ಬಂಧುವೊಂದು ಈ ಕರಾವಳಿಯಲ್ಲೂ ಇದೆಯಂತೆ. ಅದಕ್ಕೆ ಅಬ್ಬರದ ಅಲೆ ಆಗದು. ಬರೀ ಮರಳಾದರೆ ಬಿಲ ಕುಸಿಯುತ್ತದೆ, ಬರೀ ಕೆಸರಾದರೆ ಉಸಿರು ಕಟ್ಟುತ್ತದೆ, ಮಳೆನೀರು ಸೇರಿ ಉಪ್ಪು ಕಡಿಮೆಯಾದರೂ ಕಷ್ಟ. ಗಂಡು ನೋಡುವಾಗ ನಮ್ಮ ಅಕ್ಕ ಇಷ್ಟು ತಕರಾರು ಮಾಡಿದ್ದರೆ ಈ ಭಾವ ನಮಗೆ ಸಿಗುತ್ತಿದ್ದರೇ?

ಅಕ್ಕನ ಫ್ರಿಜ್‌ನಲ್ಲಿ ದೋಸೆಹಿಟ್ಟಿನ ಪಕ್ಕದಲ್ಲೇ ಭಾವನ ಮರಳಿನ ಡಬ್ಬಿಗಳು. ಬೆಂಗಳೂರಿನಿಂದ ನಮ್ಮ ಜೊತೆ ಇರಲು ಬಂದ ಹೊಸದರಲ್ಲಿ, ಅಕ್ಕನ ಮನೆಗೆ ಹೋದಾಗ ಅಮ್ಮ ಒಂದನ್ನು ಚಟ್ನಿಪುಡಿ ಎಂದುಕೊಂಡು ಎಣ್ಣೆ ಹಾಕಿ ಕಲಸಿದಳು. ದೋಸೆ ಬಾಯಿಗಿಡುವಷ್ಟರಲ್ಲಿ ಭಾವ ಕೂಗಿಕೊಂಡರು. “ಅತ್ತೆ, ಅದು ಹುಳದ ಮಣ್ಣು!” ಅವರ ಸಂಕಟ ಮರಳು ಹಾಳಾಯಿತಲ್ಲ ಎಂದು!

ಅಳಿಯ ಹುಳು ತಿನ್ನುತ್ತಾನೆಂದು ಅಂದೇ ಅಮ್ಮನಿಗೆ ಖಾತ್ರಿಯಾಯಿತು. “ಇಲ್ಲಮ್ಮ, ಅವರು ತಿನ್ನಲ್ಲ,” ಎಂದು ಅಕ್ಕ ಎಷ್ಟು ಹೇಳಿದರೂ, “ನೀನೆಲ್ಲಿ ಗಂಡನ್ನ ಬಿಟ್ಕೊಡ್ತೀಯ!” ಎಂಬುದೊಂದೇ ಉತ್ತರ. ಆಮೇಲೆ ಮಗಳ ಮನೆಗೆ ಹೋಗುವಾಗಲೆಲ್ಲ ಸ್ವಂತ ಕುಕ್ಕರ್, ಸ್ವಂತ ಅಕ್ಕಿ. ಅಕ್ಕ ಮಾತ್ರ ಪ್ರತಿ ಸಲವೂ ಅಮ್ಮನನ್ನು ಲೆಕ್ಕಕ್ಕೆ ಸೇರಿಸಿಯೇ ಅಡುಗೆ ಮಾಡುತ್ತಿದ್ದಳು. ಉಳಿದದ್ದನ್ನು ಮುಚ್ಚಿಡುವಾಗ ಅವಳ ಮುಖ ನೋಡಲು ನನಗಾಗುತ್ತಿರಲಿಲ್ಲ.

ಆ ಚಳಿಗಾಲ ನಾನೂ ಅಮ್ಮನೂ ಅಕ್ಕನ ಮನೆಯಲ್ಲಿದ್ದಾಗ ಬಿರುಮಳೆ ಹೊಡೆಯಿತು. ಮಳೆ ನಿಂತ ಮಧ್ಯಾಹ್ನ, ಸಮುದ್ರದ ನೀರಿಳಿದ ಹೊತ್ತಿಗೆ ಭಾವ ಹಿನ್ನೀರಿನ ಕಡೆ ಹೊರಟರು. ಕೂತು ಬೇಸರವಾಗಿದ್ದ ಅಮ್ಮನೂ ನಾನೂ ಜೊತೆಗೆ ಹೋದೆವು. ಮಳೆಯ ಹೊಡೆತಕ್ಕೆ ಮರಳು ಕೊಚ್ಚಿಹೋಗಿ ಹುಳುಗಳು ಬಯಲಲ್ಲಿ ಬಿದ್ದಿದ್ದವು. ಭಾವ ಮಂಡಿಯೂರಿ, ಕೆಸರಲ್ಲಿ ಗುಂಡಿ ತೋಡಿ, ಒಂದೊಂದನ್ನೇ ಒಳಗಿಟ್ಟು ಸಮುದ್ರದ ನೀರು ಹಾಕತೊಡಗಿದರು.

“ಅತ್ತೆ, ಆ ಹಕ್ಕಿಗಳನ್ನ ಸ್ವಲ್ಪ ಓಡ್ಸಿ!”

ಅಮ್ಮ ಸೆರಗು ಸಿಕ್ಕಿಸಿ, ಛತ್ರಿ ಬೀಸಿ, ಸೀಗಲ್‌ಗಳಿಗೆ ಕನ್ನಡದಲ್ಲೇ ಬೈದಳು. ಹಕ್ಕಿಗಳಿಗೆ ಅರ್ಥವಾದಂತೆಯೇ ಕಂಡಿತು! ಆಮೇಲೆ ಮೆಲ್ಲಗೆ ಅಳಿಯನ ಬಾಯಿ ಬಿಡಿಸಲು ನೋಡಿದಳು. “ಇದ್ರ ರುಚಿ ಹೇಗಿರತ್ತೆ?”

“ಯಾರಿಗ್ಗೊತ್ತು ಅತ್ತೆ? ನಾನು ಮೊಟ್ಟೆನೂ ತಿನ್ನಲ್ಲ.”

“ಮತ್ತೆ ಇಷ್ಟು ದಿನ ನನಗೆ ಹೇಳಕ್ಕೇನಾಗಿತ್ತು?”

“ನೀವು ಕೇಳ್ಲಿಲ್ಲ. ಕುಕ್ಕರ್ ತರೋದು ನಿಮ್ಮ ಮಡಿ ಅಂದ್ಕೊಂಡಿದ್ದೆ.”

ಅಮ್ಮ ಮನೆಗೆ ಬಂದು ಕೈಕಾಲು ತೊಳೆದು ಭಾವನ ಪಕ್ಕ ಕುರ್ಚಿ ಎಳೆದು ಕೂತಳು.

“ಹಸಿವಾಗ್ತಿದೆ ಕಣೇ. ನಂಗೂ ಬಡ್ಸು.”

ಅನ್ನ ಬಡಿಸುತ್ತ ಅಕ್ಕ ಅತ್ತುಬಿಟ್ಟಳು. ಭಾವ ಏನೂ ತಿಳಿಯದೆ ನನ್ನ ಮುಖ ನೋಡಿದರು. ಅಮ್ಮ ಎಡಗೈಯಿಂದ ಮಗಳ ಕೈ ಹಿಡಿದುಕೊಂಡಳು.

“ಅಳ್ಬೇಡ. ಇನ್ನೊಂಚೂರು ಹಾಕು.”